ಬೆರಳು ಪಕ್ಕದ ತಂತಿಗೆ ತಾಗುವುದಾದರೆ ಯಾವ ಗಿಟಾರ್?

ಸಿ ಕಾರ್ಡ್ ಹಿಡಿದಾಗ ಬೆರಳು ಪಕ್ಕದ ತಂತಿಗೆ ತಾಗುತ್ತದೆ, ದೊಡ್ಡ ಬಾಡಿಯಿಂದ ಬಲಭುಜ ನೋಯುತ್ತದೆ ಅಂದಿದ್ದೀರಿ. ತಾಗುವುದಕ್ಕೆ ಕಾರಣ ಬಹುಶಃ ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿ) ಕಡಿಮೆ ಅಗಲ. ಡ್ರೆಡ್‌ನಾಟ್ ಎಂಬ ದೊಡ್ಡ ಬಾಡಿಯ ಗಿಟಾರ್‌ಗಳಲ್ಲಿ ಅದು ಸಾಮಾನ್ಯವಾಗಿ 43 ಮಿ.ಮೀ. ಆದರೆ ತಂತಿ ತೀರಾ ಎತ್ತರವಿದ್ದರೂ ಹೀಗಾಗಬಹುದು. ನಿಮ್ಮ ಗಿಟಾರ್ ನೋಡದೆ ಖಚಿತ ಹೇಳಲಾರೆ. ಅದಕ್ಕೇ ಮೊದಲು 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ಮೇಲೆ ದಪ್ಪ ತಂತಿಯ ಎತ್ತರ ಅಳೆಯಿರಿ. 3 ಮಿ.ಮೀ. ದಾಟಿದ್ದರೆ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ಸರಿಪಡಿಸಿಸಿ ನೋಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಮೇಲ್ಹಲಗೆ ಉಬ್ಬುತ್ತದೆ, ತಂತಿಯೂ ಮೇಲೇಳುತ್ತದೆ.

ಎತ್ತರ ಸರಿಯಿದ್ದರೆ ಅಗಲ ನೆಕ್ ಹುಡುಕಿ. ಬಾಡಿ ಸಣ್ಣದಾದ ಮಾತ್ರಕ್ಕೆ ನೆಕ್ ಅಗಲವಿರುವುದಿಲ್ಲ: ಯಮಹಾ ಎಫ್‌ಎಸ್800 ಭುಜಕ್ಕೆ ಹಿತ, ನಟ್ ಮಾತ್ರ ಅದೇ 43. ಸ್ಟೀಲ್ ತಂತಿಯೇ ಬೇಕಿದ್ದರೆ ಕನ್ಸರ್ಟ್ ಅಥವಾ ಪಾರ್ಲರ್ ಎಂಬ ಸಣ್ಣ ಬಾಡಿಯಲ್ಲಿ 44.5 ಮಿ.ಮೀ. ನಟ್ ಇರುವುದನ್ನು ಕೇಳಿ. ಒಂದೂವರೆ ಮಿ.ಮೀ. ವ್ಯತ್ಯಾಸ ಬೆರಳಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ನೈಲಾನ್ ತಂತಿ ಆಗಬಹುದಾದರೆ, ಕಡಿಮೆ ಬಜೆಟ್‌ನಲ್ಲಿ ನನ್ನ ಆಯ್ಕೆ ಯಮಹಾ ಸಿಎಸ್40. ಬಾಡಿ ಪುಟ್ಟದು, ನಟ್ 48 ಮಿ.ಮೀ. ತಂತಿಯ ಉದ್ದ 580 ಮಿ.ಮೀ. ಆದ್ದರಿಂದ ಫ್ರೆಟ್‌ಗಳು ಒತ್ತೊತ್ತಾಗಿರುತ್ತವೆ, ಹಾಗಾಗಿ ಎ ಕಾರ್ಡ್‌ಗೆ ಮೂರು ಬೆರಳು ಹಿಡಿಸುತ್ತದೆಯೇ ನೋಡಿಕೊಳ್ಳಿ. ಇದಕ್ಕೆ ಸ್ಟೀಲ್ ತಂತಿ ಯಾವತ್ತೂ ಹಾಕಬೇಡಿ, ಎಳೆತಕ್ಕೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕಟ್ಟಿರುವ ಪಟ್ಟಿ) ಕಿತ್ತು ಬರಬಹುದು.

ಉಡುಪಿಯಲ್ಲಿ ಸಿಗದಿದ್ದರೆ ಮಂಗಳೂರಿನ ಅಂಗಡಿಗೆ ಹೋಗುವಾಗ ಒಂದು ಸ್ಕೇಲ್ ಜೊತೆಗಿರಲಿ. ನಟ್ ನೀವೇ ಅಳೆಯಿರಿ, ಸಿ ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿ. ಈ ಕಾರ್ಡ್‌ನಲ್ಲಿ ನುಡಿಸುವ ಐದೂ ತಂತಿ ಸ್ಪಷ್ಟವಾಗಿ ಕೇಳಿದರೆ ಮಾತ್ರ ತೆಗೆದುಕೊಳ್ಳಿ.