ಪ್ಲಾನ್ ಬಿಟ್ಟರೂ ಬಿಲ್ಲು ಬಿಡದು: ಅಮೆರಿಕದ ಲಾಂಗ್ ಡಿಸ್ಟೆನ್ಸ್ ಷರತ್ತುಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದಲ್ಲಿ ಮನೆಗೆ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಉಳಿಸಿಕೊಂಡಿರುವ ಕನ್ನಡಿಗರು ಈಗ ಕಡಿಮೆ. ಆದರೆ ಅವರ ಮನೆಯಿಂದ ಬರುವ ಪತ್ರಗಳು ಕಡಿಮೆಯಾಗಿಲ್ಲ. ಫೋನು ಅಪ್ಪ-ಅಮ್ಮನದು, ಪತ್ರ ಬರೆಯುವವರು ಮಕ್ಕಳು. ಕೇಳುವುದೂ ಸುತ್ತಿ ಬಳಸಿ ಒಂದೇ ಪ್ರಶ್ನೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಹತ್ತಿರದ ಕರೆಗೆ ಲೋಕಲ್ ಕಂಪನಿ ಬೇರೆ, ದೂರದ ಊರು ಮತ್ತು ಹೊರದೇಶದ ಕರೆಗೆ ಲಾಂಗ್ ಡಿಸ್ಟೆನ್ಸ್ ಕಂಪನಿ ಬೇರೆ ಎನ್ನುವುದನ್ನು ಮತ್ತೆ ವಿವರಿಸುವುದಿಲ್ಲ. 1984ರಲ್ಲಿ ಎಟಿ ಆ್ಯಂಡ್ ಟಿ ಫೋನ್ ಕಂಪನಿಯನ್ನು ಒಡೆದಾಗಿನಿಂದ ಅದು ಹಾಗೇ ಇದೆ. ‘ವಾಟ್ಸಾಪ್ ಬಳಸಬಹುದಲ್ಲ’ ಎನ್ನುವವರು ಈ ಅಂಕಣ ಬಿಟ್ಟು ಮುಂದೆ ಹೋಗಬಹುದು.

ಪ್ರಶ್ನೆ: ಎಡಿಸನ್‌ನಲ್ಲಿರುವ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಇಂಡಿಯಾ ಪ್ಲಾನ್ ಇತ್ತು, ನಿಮಿಷಕ್ಕೆ 8 ಸೆಂಟ್. ಬಳಕೆ ಇಲ್ಲವೆಂದು ಮಾರ್ಚ್‌ನಲ್ಲಿ ಫೋನ್ ಮಾಡಿ ರದ್ದು ಮಾಡಿಸಿದೆ. ಏಪ್ರಿಲ್‌ನಲ್ಲಿ ಅಮ್ಮ ಮರೆತು ಮೈಸೂರಿಗೆ 43 ನಿಮಿಷ ಮಾತಾಡಿದರು. ಆ ಒಂದು ಕರೆಗೆ 132.87 ಡಾಲರ್ ಹಾಕಿದ್ದಾರೆ, ಅದೂ ರದ್ದು ಮಾಡಿಸಿದ ಕಂಪನಿಯೇ! ಇದು ಹಗಲು ದರೋಡೆ ಅಲ್ಲವೇ?

ದರೋಡೆ ಅಲ್ಲ. ನೀವು ರದ್ದು ಮಾಡಿಸಿದ್ದು ಪ್ಲಾನನ್ನು, ಕಂಪನಿಯನ್ನಲ್ಲ. ‘ನಾನು ಎಲ್ಲ ಕ್ಯಾನ್ಸಲ್ ಮಾಡಿ ಅಂದಿದ್ದೆ’ ಎಂದು ಎಲ್ಲರೂ ಬರೆಯುತ್ತಾರೆ. ಕಾಲ್ ಸೆಂಟರಿನಲ್ಲಿ ನೀವು ಏನು ಅಂದಿರಿ ಎನ್ನುವುದರ ಮೇಲೆ ಬಿಲ್ ಆಗುವುದಿಲ್ಲ. ಮೂರು ಕಡೆ ಏನು ದಾಖಲಾಗಿದೆ ಎನ್ನುವುದರ ಮೇಲೆ ಆಗುತ್ತದೆ.

ಮೊದಲನೆಯದು ‘ಪಿಕ್’. ನಿಮ್ಮ ಲೋಕಲ್ ಕಂಪನಿಯ ಎಕ್ಸ್‌ಚೇಂಜ್ ಸ್ವಿಚ್ಚಿನಲ್ಲಿ ನಿಮ್ಮ ನಂಬರಿನ ಎದುರು ಬರೆದಿರುವ, ನಿಮ್ಮ ಲಾಂಗ್ ಡಿಸ್ಟೆನ್ಸ್ ಕಂಪನಿ ಯಾವುದೆಂದು ಹೇಳುವ ನಾಲ್ಕಂಕಿಯ ಕೋಡ್ ಅದು. ಎಟಿ ಆ್ಯಂಡ್ ಟಿಗೆ 0288, ಎಂಸಿಐಗೆ 0222, ಹೀಗೆ. 1 ಒತ್ತಿ ಅಥವಾ ಹೊರದೇಶಕ್ಕೆ 011 ಒತ್ತಿ ಕರೆ ಮಾಡಿದಾಗ ಸ್ವಿಚ್ಚು ನೋಡುವುದು ಇದೊಂದನ್ನೇ. ರಾಜ್ಯದೊಳಗಿನ ಹತ್ತಿರದ ಟೋಲ್ (ಪ್ರತ್ಯೇಕ ದರ ಬೀಳುವ) ಕರೆಗಳಿಗೆ ‘ಎಲ್‌ಪಿಕ್’ ಎಂಬ ಇನ್ನೊಂದು ಕೋಡ್ ಇರುತ್ತದೆ, ಅದು ಬೇರೆ ಕಂಪನಿಯದೂ ಆಗಿರಬಹುದು. ಎರಡನೆಯದು ಲಾಂಗ್ ಡಿಸ್ಟೆನ್ಸ್ ಕಂಪನಿಯಲ್ಲಿರುವ ನಿಮ್ಮ ಖಾತೆ. ಮೂರನೆಯದು ಆ ಖಾತೆಯ ಮೇಲೆ ಕೂತಿರುವ ಪ್ಲಾನ್. ಒಂದನ್ನು ತೆಗೆದರೆ ಉಳಿದೆರಡು ತಾವಾಗಿ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಪ್ಲಾನ್ ಹೋಯಿತು, ಪಿಕ್ ಮತ್ತು ಖಾತೆ ಉಳಿದವು. ಅಮ್ಮ 011 ಒತ್ತಿದರು, ಸ್ವಿಚ್ಚು ಹಳೇ ಕಂಪನಿಗೇ ಕರೆ ಕೊಟ್ಟಿತು. ಆ ಕಂಪನಿಯ ಸೇವಾ ಷರತ್ತು ತೆಗೆದು ನೋಡಿ: ಪ್ಲಾನ್ ಇಲ್ಲದ ಗ್ರಾಹಕರಿಗೆ ‘ಬೇಸಿಕ್ ರೇಟ್’ ಅನ್ವಯಿಸುತ್ತದೆ ಎಂಬ ಸಾಲು ಇದ್ದೇ ಇರುತ್ತದೆ. ಇಲ್ಲಿ ಅದು ನಿಮಿಷಕ್ಕೆ 3.09 ಡಾಲರ್. ಇದರ ಜೊತೆ ಸಾಮಾನ್ಯವಾಗಿ ಇನ್ನೊಂದು ಸಾಲು, ಚೂರು ನಿಮಿಷವನ್ನು ಪೂರ್ತಿ ನಿಮಿಷಕ್ಕೆ ಏರಿಸುತ್ತೇವೆ ಎಂದು. 42 ನಿಮಿಷ 5 ಸೆಕೆಂಡ್ ಮಾತಾಡಿದರೂ ಬಿಲ್ಲಿನಲ್ಲಿ 43 ಎಂದೇ ಬರುತ್ತದೆ. 8 ಸೆಂಟಿನ ಪ್ಲಾನಿನಲ್ಲಿ ಯಾರೂ ಗಮನಿಸದ ಆ 55 ಸೆಕೆಂಡು ಇಲ್ಲಿ 2.83 ಡಾಲರ್.

ಇದೇ ರೋಗದ ಬೇರೆ ರೂಪಗಳೂ ಇವೆ. ಕೆಲವರು ಲೋಕಲ್ ಕಂಪನಿಗೆ ಹೇಳಿ ಪಿಕ್ ಬದಲಿಸುತ್ತಾರೆ, ಹಳೇ ಕಂಪನಿಗೆ ಹೇಳುವುದಿಲ್ಲ. ಲೋಕಲ್ ಕಂಪನಿ ಈ ಬದಲಾವಣೆಯನ್ನು ಹಳೇ ಕಂಪನಿಗೆ ತಿಳಿಸಬೇಕೆಂದು ಫೆಡರಲ್ ಸರ್ಕಾರದ ಫೋನ್ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2005ರಲ್ಲೇ ನಿಯಮ ಮಾಡಿದೆ. ಆದರೂ ಆ ಮಾಹಿತಿ ದಾರಿಯಲ್ಲಿ ತಪ್ಪಿದರೆ, ಒಂದೂ ಕರೆ ಇಲ್ಲದೆ ತಿಂಗಳ ಶುಲ್ಕ ಮಾತ್ರ ವರ್ಷಗಟ್ಟಲೆ ಬರುತ್ತಿರುತ್ತದೆ. ಇನ್ನು ಕೆಲವರು ಮನೆ ಬದಲಿಸುತ್ತಾರೆ. ಪ್ಲಾನ್ ಅಂಟಿಕೊಂಡಿರುವುದು ಆ ಖಾತೆಯ ಆ ನಂಬರಿಗೆ, ನಿಮಗಲ್ಲ. ಹೊಸ ನಂಬರಿಗೆ ಅದೇ ಕಂಪನಿಯ ಪಿಕ್ ಬಂದರೂ ಪ್ಲಾನ್ ಬಂದಿರುವುದಿಲ್ಲ. ಎರಡನೇ ಲೈನ್ ಹಾಕಿಸಿಕೊಂಡಾಗಲೂ, ಅಪ್ಪ ತೀರಿಕೊಂಡ ಮೇಲೆ ಫೋನನ್ನು ಅಮ್ಮನ ಹೆಸರಿಗೆ ಮಾಡಿಸಿದಾಗಲೂ ಇದೇ ಆಗುತ್ತದೆ. ಹೆಸರು ಬದಲಾದರೆ ಖಾತೆ ಹೊಸದು, ಹೊಸ ಖಾತೆಯಲ್ಲಿ ಪ್ಲಾನ್ ಇಲ್ಲ.

ಈಗ ಮಾಡಬೇಕಾದ್ದು. ಕ್ರಮ ತಪ್ಪಿಸಬೇಡಿ.

ಮೊದಲು ಲೋಕಲ್ ಕಂಪನಿಗೆ ಫೋನ್ ಮಾಡಿ. ಹಳೇ ಕಂಪನಿಗೆ ಮೊದಲು ಮಾಡಿ ಖಾತೆ ಮುಚ್ಚಿಸಿದಿರೋ, ಪಿಕ್ ಬದಲಾಗುವ ತನಕ ಹೋಗುವ ಪ್ರತಿ ಕರೆಯೂ ಖಾತೆಯೇ ಇಲ್ಲದ ‘ಕ್ಯಾಶುವಲ್’ ಕರೆ, ಅದರ ದರ ಇನ್ನೂ ಕೆಟ್ಟದ್ದು. ‘ಪಿಕ್ ಮತ್ತು ಎಲ್‌ಪಿಕ್ ಎರಡನ್ನೂ ನೋ-ಪಿಕ್ ಮಾಡಿ’ ಎಂದು ಇದೇ ಪದಗಳಲ್ಲಿ ಹೇಳಿ, ಅಂದರೆ ಯಾವ ಲಾಂಗ್ ಡಿಸ್ಟೆನ್ಸ್ ಕಂಪನಿಯೂ ಬೇಡ ಎಂದು. ಬೇರೆ ಕಂಪನಿ ಬೇಕಿದ್ದರೆ ಅದರ ಹೆಸರು ಹೇಳಿ. ಬದಲಾವಣೆಗೆ ಚಿಕ್ಕ ಶುಲ್ಕವಿದೆ. ಎಫ್‌ಸಿಸಿ ಒಪ್ಪಿದ ಮಿತಿ ಕಂಪ್ಯೂಟರಿನಲ್ಲಿ ಆದರೆ 1.25 ಡಾಲರ್, ಕೈಯಲ್ಲಿ ಮಾಡಿದರೆ 5.50. ಆರ್ಡರ್ ನಂಬರ್ ಮತ್ತು ತಾರೀಖು ಬರೆದುಕೊಳ್ಳಿ. ನೋ-ಪಿಕ್ ಆದ ಮೇಲೆ ಲೋಕಲ್ ಕರೆ, 911 ಮತ್ತು 800 ನಂಬರುಗಳು ಎಂದಿನಂತೆ ನಡೆಯುತ್ತವೆ. ಆದರೆ 1010288 ಥರದ (101ರ ಜೊತೆ ಯಾವುದೋ ಕಂಪನಿಯ ಪಿಕ್) ಕೋಡ್ ಒತ್ತಿ ಹೊರಗೆ ಹೋಗುವ ದಾರಿ ತೆರೆದೇ ಇರುತ್ತದೆ. ಮನೆಯಲ್ಲಿ ಹಳೇ ಡೈರಿ ನೋಡಿ ನಂಬರ್ ಒತ್ತುವ ಹಿರಿಯರಿದ್ದರೆ ಇಂಟರ್‌ನ್ಯಾಷನಲ್ ಬ್ಲಾಕ್ ಹಾಕಿಸಿ. ಅದು ಬರೀ 011ಕ್ಕೋ, ಕೋಡ್ ಒತ್ತಿ ಮಾಡುವ 011ಕ್ಕೂ ಸೇರಿಯೋ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಎರಡು ದಿನ ಬಿಟ್ಟು ಅದೇ ಫೋನಿನಿಂದ 1-700-555-4141 ಒತ್ತಿ. ಮೊಬೈಲಿನಿಂದ ಒತ್ತಿ ‘ಏನೂ ಬರುತ್ತಿಲ್ಲ’ ಎಂದು ನನಗೆ ಬರೆಯಬೇಡಿ. ಆ ಲೈನಿನ ಪಿಕ್ ಯಾವ ಕಂಪನಿಯದು ಎಂದು ರೆಕಾರ್ಡಿಂಗ್ ಹೇಳುತ್ತದೆ. ಹಳೇ ಹೆಸರೇ ಕೇಳಿದರೆ ಆರ್ಡರ್ ನಂಬರ್ ಹಿಡಿದು ಲೋಕಲ್ ಕಂಪನಿಗೆ ಮತ್ತೆ ಫೋನ್.

ಅದು ಸರಿಯಾದ ಮೇಲೆ ಹಳೇ ಲಾಂಗ್ ಡಿಸ್ಟೆನ್ಸ್ ಕಂಪನಿಗೆ ಮಾಡಿ ಖಾತೆ ಮುಚ್ಚಿಸಿ. ಪ್ಲಾನ್ ಎನ್ನಬೇಡಿ, ‘ಅಕೌಂಟ್’ ಎನ್ನಿ. ಕೊನೆಯ ಬಿಲ್ಲಿನ ತಾರೀಖು, ಕನ್ಫರ್ಮೇಶನ್ ನಂಬರ್ ಎರಡೂ ಬೇಕು.

ಇನ್ನು 132.87ರ ಮಾತು. ಇಲ್ಲಿ ಬಳಸಬೇಕಾದ ಪದ ‘ರೀ-ರೇಟ್’, ಅಂದರೆ ಬೇರೆ ದರದಲ್ಲಿ ಮತ್ತೆ ಲೆಕ್ಕ ಹಾಕುವುದು. ರೀಫಂಡ್ ಎಂದರೆ ಮೇಲಿನವರನ್ನು ಕೇಳಬೇಕು ಎನ್ನುತ್ತಾರೆ. ಮನ್ನಾ ಮಾಡಿ ಎಂದರೆ 10 ಡಾಲರ್ ‘ಕರ್ಟಸಿ ಕ್ರೆಡಿಟ್’ ಕೊಟ್ಟು ಸಾಗಹಾಕುತ್ತಾರೆ. ಹಳೇ ಪ್ಲಾನಿನ ದರಕ್ಕೆ ರೀ-ರೇಟ್ ಮಾಡಿ ಎಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತು. ಷರತ್ತಿನ ಪ್ರಕಾರ ಅವರು ಮಾಡಲೇಬೇಕೆಂದಿಲ್ಲ, ಮೊದಲ ಸಲ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಎರಡನೇ ಸಲ ಕೇಳಿದರೆ ನಾನಾದರೂ ಕೊಡುತ್ತಿರಲಿಲ್ಲ.

ಫೋನಿನಲ್ಲಿ ಆಗದಿದ್ದರೆ ಕಾಗದದಲ್ಲಿ ಬರೆಯಿರಿ. ಖಾತೆ ನಂಬರ್, ಫೋನ್ ನಂಬರ್, ಕರೆಯ ತಾರೀಖು, ಸಮಯ, ಕರೆ ಹೋದ ನಂಬರ್. ಅದರ ಕೆಳಗೆ ಲೆಕ್ಕ: 43 ನಿಮಿಷ, ನಿಮಿಷಕ್ಕೆ 8 ಸೆಂಟಿನಂತೆ 3.44 ಡಾಲರ್, ಹಾಕಿರುವುದು 132.87, ತಕರಾರು 129.43. ಈ 129.43ರ ಮೇಲೆ ಹಾಕಿರುವ ಯುಎಸ್‌ಎಫ್ (ಎಲ್ಲರಿಗೂ ಫೋನ್ ಸೇವೆ ತಲುಪಿಸಲೆಂದಿರುವ ಫೆಡರಲ್ ನಿಧಿಯ ಶುಲ್ಕ) ಮತ್ತು ತೆರಿಗೆಯೂ ಇಳಿಯಬೇಕು ಎಂದು ಪ್ರತ್ಯೇಕ ಸಾಲು ಬರೆಯಿರಿ. ಬರೆಯದಿದ್ದರೆ ಕರೆಯ ಹಣ ಇಳಿದು ಶುಲ್ಕ ಹಾಗೇ ಉಳಿಯುವುದುಂಟು. ತಕರಾರಿಲ್ಲದ ಭಾಗವನ್ನು ಗಡುವಿನೊಳಗೆ ಕಟ್ಟಿ. ಪತ್ರವನ್ನು ಚೆಕ್ ಕಳಿಸುವ ವಿಳಾಸಕ್ಕೆ ಹಾಕಬೇಡಿ. ಅಲ್ಲಿ ಲಕೋಟೆ ಸೀಳುವುದು ಯಂತ್ರ, ಚೆಕ್ಕಿನ ಜೊತೆ ಪಿನ್ ಮಾಡಿದ ಕಾಗದ ಓದುವವರಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ವಿಚಾರಣೆಗೆಂದೇ ಬೇರೆ ವಿಳಾಸ ಇರುತ್ತದೆ.

ಗಡುವಿನ ವಿಷಯ. ಹೆಚ್ಚಿನ ಷರತ್ತುಗಳು ಬಿಲ್ ಬಂದ 60 ದಿನದೊಳಗೆ ತಕರಾರು ಎತ್ತಬೇಕು ಎನ್ನುತ್ತವೆ. ಫೆಡರಲ್ ಕಮ್ಯುನಿಕೇಶನ್ಸ್ ಕಾಯ್ದೆಯ 415ನೇ ಸೆಕ್ಷನ್ ಹೆಚ್ಚುವರಿ ವಸೂಲಿಯ ದಾವೆಗೆ 2 ವರ್ಷ ಕೊಡುತ್ತದೆ. ಎರಡು ವರ್ಷ ಇದೆಯಲ್ಲ ಎಂದು ಕೂರಬೇಡಿ, 60ರೊಳಗೆ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಎಫ್‌ಸಿಸಿಗೆ ಇನ್‌ಫಾರ್ಮಲ್ ದೂರು, ಶುಲ್ಕವಿಲ್ಲ. ಅವರು ಅದನ್ನು ಕಂಪನಿಗೆ ಕಳಿಸಿದ ಮೇಲೆ 30 ದಿನದಲ್ಲಿ ಉತ್ತರ ಬರಬೇಕು. ಈ ದೂರು ಹೋದ ಕೂಡಲೇ ಫೈಲು ಕಾಲ್ ಸೆಂಟರಿನಿಂದ ಬೇರೆಯವರ ಮೇಜಿಗೆ ಹೋಗುತ್ತದೆ, ಲಾಭ ಅಷ್ಟೇ, ಅದೇ ಸಾಕು. ಲಾಂಗ್ ಡಿಸ್ಟೆನ್ಸ್ ಬಾಕಿಗಾಗಿ ಲೋಕಲ್ ಫೋನ್ ಕಟ್ ಆಗುತ್ತದೆಂಬ ಹೆದರಿಕೆ ಇದ್ದರೆ ಬಿಲ್ಲನ್ನೇ ಓದಿ. ಯಾವ ಬಾಬ್ತು ಕಟ್ಟದಿದ್ದರೆ ಲೋಕಲ್ ಸೇವೆ ನಿಲ್ಲುತ್ತದೆ, ಯಾವುದಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಬಿಲ್ಲಿನಲ್ಲಿ ತೋರಿಸಬೇಕೆಂಬುದು ನಿಯಮ.

ಪ್ರಶ್ನೆ: ನಾನು ಯಾವ ಕರಾರಿಗೂ ಸಹಿ ಹಾಕಿಲ್ಲ. ಷರತ್ತು ನನಗೆ ಹೇಗೆ ಅನ್ವಯಿಸುತ್ತದೆ?

ಫೋನ್ ಎತ್ತಿ 1 ಒತ್ತಿದಿರಲ್ಲ, ಅದೇ ಸಹಿ. 2001ರ ತನಕ ಕಂಪನಿಗಳು ದರಪಟ್ಟಿಯನ್ನು ಎಫ್‌ಸಿಸಿಗೆ ಸಲ್ಲಿಸುತ್ತಿದ್ದವು, ಅದಕ್ಕೆ ಕಾನೂನಿನ ಬಲ ಇತ್ತು. 1996ರಲ್ಲಿ ಎಫ್‌ಸಿಸಿ ಈ ಪದ್ಧತಿ ಬೇಡವೆಂದಿತು. ಕೋರ್ಟ್ ಕಚೇರಿ ಮುಗಿದು, ಮನೆ ಗ್ರಾಹಕರಿಗೆ ಅದು ಪೂರ್ತಿ ನಿಂತದ್ದು 2001ರ ಜುಲೈ 31ಕ್ಕೆ. ಹೊರದೇಶದ ಕರೆಗಳಿಗೆ 2002ರ ಜನವರಿಯಲ್ಲಿ. ಅಲ್ಲಿಂದಾಚೆ ಇದು ನಿಮ್ಮ ಮತ್ತು ಕಂಪನಿಯ ನಡುವಿನ ಕರಾರು. ಬಿಲ್ಲಿನ ಜೊತೆ ಬಂದ, ನೀವು ಪಿಜ್ಜಾ ಕೂಪನ್ ಎಂದುಕೊಂಡು ಬಿಸಾಡಿದ ಆ ತೆಳು ಪುಸ್ತಿಕೆಯೇ ಕರಾರು ಪತ್ರ. ದರ ಮತ್ತು ಷರತ್ತುಗಳನ್ನು ಸಾರ್ವಜನಿಕವಾಗಿ, ವೆಬ್‌ಸೈಟ್ ಇದ್ದರೆ ಅದರಲ್ಲೂ, ಇಡುವುದು ಕಡ್ಡಾಯ.

ಇದು ರಾಜ್ಯದಾಚೆಯ ಕರೆಗಳ ಮಾತು. ಸ್ಯಾನ್ ಹೊಸೆಯಿಂದ ಶಿಕಾಗೋಗೆ ಹೋಗುವ ಕರೆ ಎಫ್‌ಸಿಸಿ ಲೆಕ್ಕ. ಸ್ಯಾನ್ ಹೊಸೆಯಿಂದಲೇ ಲಾಸ್ ಏಂಜಲೀಸ್‌ಗೆ ಹೋಗುವುದು ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ನಿನ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವುದೂ ಅವರದೇ, ಆದರೆ ಆ ಕರೆ ಹೋಗುವುದು ಎಲ್‌ಪಿಕ್ ಮೇಲೆ. ಹತ್ತಿರದ ಊರಿಗೆ ಹೋದ ಕರೆ ಶಿಕಾಗೋಗಿಂತ ದುಬಾರಿಯಾದರೆ ಬೆರಗಾಗಬೇಡಿ.

ಪ್ರಶ್ನೆ: ಯಾರೋ ಫೋನ್ ಮಾಡಿ ‘ನಿಮ್ಮ ಬಿಲ್ ಕಡಿಮೆ ಮಾಡುತ್ತೇವೆ’ ಎಂದರು, ಅತ್ತೆ ‘ಯೆಸ್’ ಎಂದರು. ಈಗ ಕೇಳರಿಯದ ಕಂಪನಿಯ ಬಿಲ್ ಬರುತ್ತಿದೆ.

ಸರಿಯಾದ ಒಪ್ಪಿಗೆ ಇಲ್ಲದೆ ಕಂಪನಿ ಬದಲಿಸುವ ಇದಕ್ಕೆ ಸ್ಲ್ಯಾಮಿಂಗ್ ಎನ್ನುತ್ತಾರೆ. ಹಣ ಇನ್ನೂ ಕಟ್ಟಿಲ್ಲವಾದರೆ ಕಟ್ಟಬೇಡಿ. ಬದಲಾವಣೆಯಾದ ಮೊದಲ 30 ದಿನದ ಕರೆಗಳಿಗೆ ನೀವು ಹೊಣೆಯಲ್ಲ, ಹೊಸ ಕಂಪನಿಗೂ ಹಳೆಯದಕ್ಕೂ. ಕಟ್ಟಿಬಿಟ್ಟಿದ್ದರೆ ಆ ಕಂಪನಿ ನಿಮ್ಮ ಅಸಲಿ ಕಂಪನಿಗೆ ಶೇ 150 ಕಟ್ಟಿಕೊಡಬೇಕು, ಅದರಲ್ಲಿ ನೀವು ಕಟ್ಟಿದ್ದರ ಶೇ 50 ನಿಮಗೆ ಬರುತ್ತದೆ. ಅಂದರೆ ಕಟ್ಟದವರಿಗೇ ಹೆಚ್ಚು ಲಾಭ. ಅವರು ‘ನಿಮ್ಮ ಒಪ್ಪಿಗೆಯ ರೆಕಾರ್ಡಿಂಗ್ ಇದೆ’ ಎಂದರೆ ಕಳಿಸಿ ಎನ್ನಿ. ಎರಡು ವರ್ಷ ಅದನ್ನು ಇಟ್ಟಿರಬೇಕು. ಕರೆ ಮಾಡಿದವರು ತಾವು ನಿಮ್ಮ ಕಂಪನಿಯವರೇ ಎಂದು ಸುಳ್ಳು ಹೇಳಿದ್ದರೆ, 2018ರ ನಿಯಮದ ನಂತರ ಆ ‘ಯೆಸ್’ ಒಪ್ಪಿಗೆಯೇ ಅಲ್ಲ. ನೀವೇ ಹೇಳದೆ ಪಿಕ್ ಬದಲಾಗದಂತೆ ಲೋಕಲ್ ಕಂಪನಿಯಲ್ಲಿ ‘ಪಿಕ್ ಫ್ರೀಜ್’ ಹಾಕಿಸಿ, ಅತ್ತೆಗೂ ಹೇಳಿಡಿ.

ಪ್ರಶ್ನೆ: ಯುಎಸ್‌ಎಫ್ ಶುಲ್ಕ ಸರ್ಕಾರದ ತೆರಿಗೆಯಲ್ಲ, ಕೋರ್ಟ್ ಅದನ್ನು ಹೊಡೆದುಹಾಕಿದೆ, ಕಟ್ಟಬೇಡಿ ಎಂದು ಒಂದು ವಿಡಿಯೊದಲ್ಲಿ ನೋಡಿದೆ.

ಆ ವಿಡಿಯೊ ಮಾಡಿದವರು ನಿಮ್ಮ ಲೇಟ್ ಫೀ ಕಟ್ಟುತ್ತಾರೆಯೇ ಕೇಳಿ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಈ ನಿಧಿಯನ್ನು ಎತ್ತಿಹಿಡಿದಿದೆ. ಶುಲ್ಕವನ್ನು ಸರ್ಕಾರಕ್ಕೆ ಕಟ್ಟುವುದು ಕಂಪನಿ, ಅದನ್ನು ನಿಮ್ಮಿಂದ ವಸೂಲು ಮಾಡಲು ಅನುಮತಿ ಇದೆ. ನೀವು ನೋಡಬೇಕಾದ್ದು ಬೇರೆ. ಪ್ರತಿ ಮೂರು ತಿಂಗಳಿಗೆ ಎಫ್‌ಸಿಸಿ ಒಂದು ಶೇಕಡಾವಾರು ಹೇಳುತ್ತದೆ. 2024-25ರಲ್ಲಿ ಅದು 30ರ ಮೇಲೆಯೇ ಇತ್ತು. ಅಂತರರಾಜ್ಯ ಮತ್ತು ಹೊರದೇಶದ ಕರೆಗಳ ಮೊತ್ತದ ಮೇಲೆ ಅದಕ್ಕಿಂತ ಒಂದು ಸೆಂಟೂ ಹೆಚ್ಚು ಹಾಕುವಂತಿಲ್ಲ. ಶೇ 36 ಇದ್ದ ತಿಂಗಳು 10 ಡಾಲರ್ ಕರೆಗೆ 3.60, ಮುಗಿಯಿತು. ಪಕ್ಕದಲ್ಲೇ ‘ಕ್ಯಾರಿಯರ್ ಕಾಸ್ಟ್ ರಿಕವರಿ’ ಎಂದು ಇನ್ನೊಂದು ಸಾಲು ಇರುತ್ತದಲ್ಲ, ಅದನ್ನು ಯಾವ ಸರ್ಕಾರವೂ ಕೇಳಿಲ್ಲ. ಅದು ಕಂಪನಿ ತನ್ನ ಖರ್ಚಿಗೆ ಇಟ್ಟುಕೊಂಡ ಹೆಸರು. ಜಗಳ ಆಡುವುದಾದರೆ ಅದರ ಮೇಲೆ ಆಡಿ.

ಪ್ರಶ್ನೆ: 876 ಏರಿಯಾ ಕೋಡಿನ ನಂಬರಿನಿಂದ ಮಿಸ್ಡ್ ಕಾಲ್. ತಿರುಗಿ ಮಾಡಬಹುದೇ? ಅದು ಅಮೆರಿಕದ ನಂಬರೇ ಅಲ್ಲವೇ?

ಅಲ್ಲ, ಜಮೈಕಾ. 809 ಡೊಮಿನಿಕನ್ ರಿಪಬ್ಲಿಕ್, 473 ಗ್ರೆನಡಾ, 284 ಬ್ರಿಟಿಷ್ ವರ್ಜಿನ್ ದ್ವೀಪ. ಒತ್ತುವುದು 1, ಬಿಲ್ ಆಗುವುದು ಹೊರದೇಶದ ದರ. ಮಾಡಬೇಡಿ.

ಪ್ರಶ್ನೆ: ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥಿಕೆ) ಷರತ್ತು ಇರುವುದರಿಂದ ದೂರು ಕೊಡುವಂತಿಲ್ಲವಂತೆ?

ಕ್ಲಾಸ್ ಆಕ್ಷನ್, ಅಂದರೆ ಹಲವು ಗ್ರಾಹಕರ ಪರವಾಗಿ ಒಟ್ಟಾಗಿ ಹಾಕುವ ದಾವೆ ಕಷ್ಟ, 2011ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲಂತೂ. ಎಫ್‌ಸಿಸಿ ದೂರಿಗೆ ಅದು ಅಡ್ಡ ಬರುವುದಿಲ್ಲ. ಚಿಕ್ಕ ಮೊತ್ತದ ದಾವೆ ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ವಿನಾಯಿತಿ ಇದೆಯೇ ಎಂದು ನಿಮ್ಮ ಪುಸ್ತಿಕೆಯಲ್ಲೇ ನೋಡಿ, ಹಲವು ಕಂಪನಿಗಳು ಕೊಟ್ಟಿವೆ.

ಪ್ರಶ್ನೆ: ಉಳಿತಾಯದ ಅರ್ಧ ಕೊಟ್ಟರೆ ಬಿಲ್ ತಗ್ಗಿಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಹೇಳುತ್ತಾನೆ.

ಅವನು ಮಾಡುವುದು ಮೇಲೆ ಬರೆದ ಎರಡು ಫೋನ್ ಕರೆ. ಅದಕ್ಕಾಗಿ ನಿಮ್ಮ ಖಾತೆಯ ಪಿನ್ ಕೇಳುತ್ತಾನೆ. ಕೊಡಬೇಡಿ.

ಪ್ರಶ್ನೆ: ‘ಅನ್‌ಲಿಮಿಟೆಡ್’ ಇದೆ. ಡೆಟ್ರಾಯಿಟ್‌ನಲ್ಲಿ ಮಲಗಿರುವ ದೊಡ್ಡಮ್ಮನ ಕೋಣೆಯ ಫೋನನ್ನು ರಾತ್ರಿಯಿಡೀ ತೆರೆದಿಟ್ಟು ನಾವು ಇಲ್ಲಿ ಕೇಳಿಸಿಕೊಳ್ಳಬಹುದೇ?

‘ಸಾಮಾನ್ಯ ಮನೆಬಳಕೆ’ ಎಂಬ ಪದ ಇರುವ ಕಡೆ ಇದಕ್ಕೆ ಅವಕಾಶವಿಲ್ಲ. ಹಲವು ಷರತ್ತುಗಳು ಕೋಣೆಯ ಸದ್ದು ಕಾಯುವ ಕರೆಗಳನ್ನು ಹೆಸರಿಟ್ಟೇ ನಿಷೇಧಿಸಿವೆ. ಸಿಕ್ಕಿಬಿದ್ದರೆ ಪ್ಲಾನ್ ತೆಗೆಯುತ್ತಾರೆ, ಪಿಕ್ ಉಳಿಯುತ್ತದೆ. ಆಮೇಲಿನ ದರ ಯಾವುದೆಂದು ಮೊದಲ ಉತ್ತರದಲ್ಲಿದೆ.

ಪ್ರಶ್ನೆ: ಬೆಂಗಳೂರಿಗೆ 011-91-080 ಒತ್ತಿದರೆ ಹೋಗುತ್ತಿಲ್ಲ.

ಸೊನ್ನೆ ಬಿಡಿ. 011-91-80.