ಆ ಸೊಟ್ಟ ಕುಶನ್ ಮೊದ್ಲು ಹೊರಗೆ ತೆಗೀರಿ

ಈ ಸಲ ಬಂದ ಪತ್ರಗಳಲ್ಲಿ ಸಾಲದ ಗೋಳಿತ್ತು, ಡಿವೋರ್ಸ್ ಇತ್ತು, ಮಗನ ಮೊಬೈಲ್ ಹುಚ್ಚಿತ್ತು. ಅದನ್ನೆಲ್ಲ ಪಕ್ಕಕ್ಕಿಟ್ಟು ಸೂಜಿ ದಾರದ ವಿಷಯ ಯಾಕೆ ಹಿಡ್ಕೊಂಡೆ ಅಂದ್ರೆ, ಈ ಪತ್ರ ಓದಿ ನಂಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳ್ತೀನಿ.

ಬರೆದಿರೋರು ಕೆಲಸಕ್ಕೆ ಹೋಗೋ ಹೆಂಗಸು, ನಲವತ್ತು ದಾಟಿದೆ, ನೀಡಲ್‌ಪಾಯಿಂಟ್ ಅಂದ್ರೆ ಪ್ರಾಣ (ಜಾಲರಿ ಥರ ತೂತಿರೋ ಕ್ಯಾನ್ವಾಸ್ ಬಟ್ಟೆ ಪೂರ್ತಿ ಹೊಲಿಗೆ ತುಂಬಿಸಿ ಚಿತ್ರ ಮಾಡೋ ಕಸೂತಿ). ಬೀರುವಿನ ಒಂದು ಖಾನೆ ತುಂಬಾ ಕ್ಯಾನ್ವಾಸು, ಉಣ್ಣೆ, ರೇಷ್ಮೆ ದಾರ, ಅದ್ರಲ್ಲಿ ಅರ್ಧಕ್ಕೆ ನಿಂತಿರೋ ಪ್ರಾಜೆಕ್ಟ್ 11. ಗಂಡ "ಇರೋದು ಮುಗಿಸಿ ಹೊಸದು ತಗೋಬಾರ್ದಾ" ಅಂತಾರಂತೆ, ಅದಕ್ಕೆ ಇವರು ಹೊಸ ಪಾರ್ಸಲ್ ಬಂದ್ರೆ ಕಾರ್ ಡಿಕ್ಕೀಲಿ ಬಚ್ಚಿಟ್ಟು ಅವರು ಮಲಗಿದ ಮೇಲೆ ಒಳಗೆ ತರ್ತಾರಂತೆ. ಎರಡು ಪುಟ ಪೂರ್ತಿ ಗಂಡನ ಮೇಲಿನ ದೂರು. ಕೊನೆಗೆ ಪ್ರಶ್ನೆ: "ನಾನು ಯಾವ ಕೆಲಸಾನೂ ಮುಗಿಸದ ಸೋಮಾರಿನಾ? ಎಲ್ಲಾ ಯಾರಿಗಾದ್ರೂ ಕೊಟ್ಟು ಈ ಹವ್ಯಾಸಾನೇ ಬಿಟ್ಬಿಡ್ಲಾ?"

ಮೊದ್ಲು ಗಂಡನ ಕಥೆ ಮುಗಿಸ್ಬಿಡೋಣ. ಅವರು ಹೇಳಿದ್ದು ಒಂದೇ ಒಂದು ಮಾತು, ಅದೂ ನ್ಯಾಯವಾದ ಮಾತೇ. ಪ್ರಿಂಟ್ ಮಾಡದೆ ಕೈಯಲ್ಲೇ ಬಣ್ಣ ಬರೆದ ಕ್ಯಾನ್ವಾಸ್ ಎಷ್ಟು ದುಬಾರಿ ಅಂತ ನಿಮಗೇ ಗೊತ್ತು, ಒಂದೊಂದು ಹೊಲಿಗೆ ಎಲ್ಲಿ ಬೀಳ್ಬೇಕೋ ಅಲ್ಲಿಗೇ ಬಣ್ಣ ಕೂರಿಸಿರ್ತಾರೆ, ಆ ಕೆಲಸಕ್ಕೆ ಬೆಲೆ ಇರ್ಬೇಕಾದ್ದೇ. ಸ್ವಂತ ದುಡ್ಡಲ್ಲಿ ಸ್ವಂತ ಖುಷಿಗೆ ತಗೊಳ್ಳಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ ಅಂತ ಈ ಅಂಕಣದಲ್ಲಿ ಹೇಳಿ ಹೇಳಿ ನಂಗೇ ಸಾಕಾಗಿದೆ, ಆದ್ರೆ ಬಚ್ಚಿಡೋದು ಯಾಕ್ರೀ? ನಾಳೆಯಿಂದ ಪಾರ್ಸಲ್ ಮುಂಬಾಗಿಲಲ್ಲೇ ಒಳಗೆ ಬರ್ಲಿ. ಅವರು ಏನೋ ಗೊಣಗ್ತಾರೆ, ಗೊಣಗ್ಲಿ ಬಿಡಿ.

ಇನ್ನು ಸೋಮಾರಿ ಅನ್ನೋದು. 18 ಮೆಶ್ ಕ್ಯಾನ್ವಾಸ್ ಅಂದ್ರೆ ಒಂದಿಂಚಿಗೆ 18 ಹೊಲಿಗೆ. ಉದ್ದ ಅಗಲ ಹತ್ತತ್ತು ಇಂಚಿನ ಒಂದು ಪೀಸ್‌ಗೆ 32,400 ಹೊಲಿಗೆ ಬೀಳುತ್ತೆ, 13 ಮೆಶ್ ಆದ್ರೂ 16,900. ಆಫೀಸು, ಮನೆ ಎಲ್ಲಾ ಮುಗಿಸಿ ರಾತ್ರಿ ಕೂತು ಹಾಕೋ ಹೊಲಿಗೆ ಇದು. ಸ್ಕಾಟ್ಲೆಂಡಿನ ರಾಣಿ ಮೇರಿ ಕ್ಯಾನ್ವಾಸ್ ಮೇಲೆ ರೇಷ್ಮೆ ದಾರದಲ್ಲಿ ಮಾಡಿದ ಕೆಲಸಗಳನ್ನ ಇವತ್ತಿಗೂ ಜನ ಹೋಗಿ ನೋಡ್ತಾರೆ, ಆದ್ರೆ ಆಕೆ 1568ರಿಂದ 1587ರ ತನಕ ಇಂಗ್ಲೆಂಡಲ್ಲಿ ಬಂಧನದಲ್ಲಿದ್ಲು, ಟೈಮ್‌ಗೇನು ಬರ ಇರ್ಲಿಲ್ಲ. ನಿಮಗೆ ಆ ಸೌಕರ್ಯ ಇಲ್ಲ. ಹವ್ಯಾಸಕ್ಕೆ ಡೆಡ್‌ಲೈನ್ ಹಾಕೋರನ್ನ ಕಂಡ್ರೆ ನಂಗಾಗಲ್ಲ, ಇದನ್ನೂ ಹಿಂದೆ ಹೇಳಿದೀನಿ.

ಆದ್ರೆ ನಿಮ್ಮ ಪತ್ರದಲ್ಲಿ ಒಂದು ಸಾಲಿದೆ, ನೀವು ಬ್ರಾಕೆಟ್‌ನಲ್ಲಿ ಹಾಕಿ ಮುಂದಕ್ಕೆ ಹೋಗ್ಬಿಟ್ಟಿದೀರಿ. "(ಮೊದಲನೇ ಕುಶನ್ ಮುಗಿಸಿದ್ದೆ, ವಾರಗಿತ್ತಿಯ ಹೊಸ ಮನೆಗೆ ಅಂತ ಕೊಟ್ಟೆ, ಸೊಟ್ಟಗಿದೆ ಅಂತ ಎಲ್ಲರ ಮುಂದೆ ನಕ್ಕಳು, ಸರಿ ಮಾಡಿ ಕೊಡ್ತೀನಿ ಅಂತ ವಾಪಸ್ ತಂದೆ, ಇನ್ನೂ ಬೀರುವಲ್ಲೇ ಇದೆ.)"

ಸಿಟ್ಟು ಬಂದಿದ್ದು ಇಲ್ಲಿ.

ನೋಡಿ, ಆ ಕುಶನ್ನಿನ ನೀಲಿ ಬ್ಯಾಕ್‌ಗ್ರೌಂಡ್ ಪೂರ್ತಿ ಒಂದೇ ತಿಂಗಳಲ್ಲಿ ಕೂತು ತುಂಬಿಸ್ದೆ ಅಂತ ನೀವೇ ಬರ್ದಿದೀರಿ. ಈಗಿನ 11ರಲ್ಲೂ ಹೂವು, ಹಕ್ಕಿ ಎಲ್ಲಾ ಮುಗಿದಿದೆ, ಬ್ಯಾಕ್‌ಗ್ರೌಂಡ್ ಬೋರ್ ಅಂತ ಬಿಟ್ಟಿದೀರಿ. ಆಗ ಆಗದ ಬೋರ್ ಈಗ ಯಾಕೆ? ನಡುವಿನ ಹೂವೆಲ್ಲ ಮೊದ್ಲೇ ಹೊಲಿದಿಟ್ಟ ಕ್ಯಾನ್ವಾಸ್ ದುಡ್ಡು ಕೊಟ್ಟು ತಗೊಂಡು ಬರೀ ಬ್ಯಾಕ್‌ಗ್ರೌಂಡ್ ತುಂಬಿಸಿ ಖುಷಿಪಟ್ಟ ಜನ ಇದಾರೆ, ತಲೆ ಖಾಲಿ ಬಿಟ್ಟು ಮಾಡೋ ಕೆಲಸ ಅದು. ಇನ್ನೊಂದು ಮಾತೂ ಬರ್ದಿದೀರಿ, ಆ ಕುಶನ್ ಆದ ಮೇಲೆ ಪ್ರತಿ ಕ್ಯಾನ್ವಾಸ್‌ಗೂ ಫ್ರೇಮ್ ತಗೊಂಡೆ ಅಂತ. ಫ್ರೇಮ್‌ನಲ್ಲಿ ಬಿಗಿಯಾಗಿ ಎಳೆದು ಕೂರಿಸಿದಷ್ಟು ದಿನ ಕ್ಯಾನ್ವಾಸ್ ನೇರವಾಗೇ ಕಾಣುತ್ತೆ. ಬಿಚ್ಚಿದ ಮೇಲೇ ತಾನೆ ಸೊಟ್ಟವೋ ನೆಟ್ಟಗೋ ಗೊತ್ತಾಗೋದು? ಮುಗಿದ್ರೆ ಬಿಚ್ಚಬೇಕು, ಬಿಚ್ಚಿದ್ರೆ ಯಾರಾದ್ರೂ ನೋಡ್ತಾರೆ. ಅದಕ್ಕೇ ಮುಗೀತಿಲ್ಲ. ಗಂಡ ಹೊಸ ಕ್ಯಾನ್ವಾಸ್ ಲೆಕ್ಕ ಹಾಕ್ತಾ ಕೂತಿದಾರೆ, ನೀವು ಗಂಡನ ತಪ್ಪು ಲೆಕ್ಕ ಹಾಕ್ತಾ ಕೂತಿದೀರಿ, ವಾರಗಿತ್ತಿ ಒಂದು ನಗೆ ನಕ್ಕು ಆರಾಮಾಗಿದಾಳೆ. ಯಾರೋ ಸಾವಿರಾರು ಹೊಲಿಗೆ ಹಾಕಿ ತಂದು ಕೈಗೆ ಕೊಟ್ಟಾಗ ಮೂಲೆ ಅಳೆಯೋಳಿಗೆ ಅಂಗಡಿ ಕುಶನ್ ಸಾಕು. ಕೈಕೆಲಸದ ಗಿಫ್ಟ್ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಕೊಡ್ಬೇಕು ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ಮತ್ತೆ ಆ ಸೊಟ್ಟ ಇದ್ಯಲ್ಲ, ಅದು ನಿಮ್ಮ ಕೈ ದೋಷ ಅಲ್ಲವೇ ಅಲ್ಲ. ನೀಡಲ್‌ಪಾಯಿಂಟ್‌ನಲ್ಲಿ ಹಾಕೋ ಪುಟ್ಟ ಓರೆ ಹೊಲಿಗೆ, ಅಂದ್ರೆ ಟೆಂಟ್ ಸ್ಟಿಚ್, ಪೂರ್ತಿ ಒಂದೇ ಕಡೆ ಓರೆ ಬೀಳುತ್ತೆ, ಸಾವಿರಾರು ಹೊಲಿಗೆ ಸೇರಿ ಕ್ಯಾನ್ವಾಸನ್ನೇ ಆ ಕಡೆಗೆ ಎಳೆಯುತ್ತೆ. ನೀವು ಮಾಡಿರೋ ಹಾಗೆ ಫ್ರೇಮ್ ಇಲ್ದೆ ಕೈಯಲ್ಲೇ ಹಿಡ್ಕೊಂಡು ಕಾಂಟಿನೆಂಟಲ್ ಅನ್ನೋ ವಿಧಾನದಲ್ಲಿ ಅಡ್ಡಡ್ಡ ಸಾಲು ಹಾಕ್ತಾ ಹೋದ್ರೆ ಇನ್ನೂ ಜಾಸ್ತಿ. ಅದೇ ಹೊಲಿಗೆಯ ಇನ್ನೊಂದು ವಿಧಾನ ಬ್ಯಾಸ್ಕೆಟ್‌ವೀವ್‌ನಲ್ಲಿ ಸಾಲು ಓರೆಯಾಗಿ ಒಂದ್ಸಲ ಮೇಲಕ್ಕೆ ಒಂದ್ಸಲ ಕೆಳಕ್ಕೆ ಹೋಗೋದ್ರಿಂದ ಹಿಂಭಾಗ ಚಾಪೆ ಹೆಣೆದ ಹಾಗೆ ಆಗಿ ಎಳೆತ ಕಡಿಮೆ, ದೊಡ್ಡ ಬ್ಯಾಕ್‌ಗ್ರೌಂಡ್‌ಗೆ ಅದೇ ಸರಿ. (ಅದ್ರಲ್ಲಿ ಎದ್ದು ಹೋಗುವಾಗ ಸಾಲಿನ ಮಧ್ಯದಲ್ಲೇ ಸೂಜಿ ಬಿಟ್ಟು ಹೋಗ್ಬೇಕು. ಸಾಲು ಮುಗಿಸಿ ಎದ್ರೆ ಮುಂದಿನದು ಮೇಲಕ್ಕೋ ಕೆಳಕ್ಕೋ ಮರ್ತುಹೋಗಿ, ಒಂದೇ ಕಡೆಯ ಸಾಲು ಎರಡು ಬಿದ್ರೆ ಗೆರೆ ಎದ್ದು ಕಾಣುತ್ತೆ. ಅರ್ಧಕ್ಕೆ ಬಿಡೋದೇ ನಿಯಮ ಆಗಿರೋ ಕೆಲಸ ಇದು!) ಅಷ್ಟಾಗಿಯೂ ಸ್ವಲ್ಪ ಸೊಟ್ಟ ಬಂದೇ ಬರುತ್ತೆ, ಕೈ ಪಳಗಿದವರಿಗೂ ಬರುತ್ತೆ. ಅದಕ್ಕೇ ಬ್ಲಾಕಿಂಗ್ ಅಂತ ಒಂದು ಹಂತ ಇರೋದು, ಅಂದ್ರೆ ಒದ್ದೆ ಮಾಡಿ ಎಳೆದು ನೇರ ಮಾಡೋದು.

ಹಾಗಾಗಿ ನಾನು ಹೇಳೋದು ಒಂದೇ ಕೆಲಸ. ಆ 11ರ ತಂಟೆಗೆ ಈಗ ಹೋಗ್ಬೇಡಿ, ಲಿಸ್ಟ್ ಮಾಡ್ಬೇಡಿ, ತಿಂಗಳಿಗೊಂದು ಮುಗಿಸ್ತೀನಿ ಅಂತ ಶಪಥಾನೂ ಬೇಡ. ಈ ಭಾನುವಾರ ಆ ಸೊಟ್ಟ ಕುಶನ್ ಹೊರಗೆ ತೆಗೆದು, ಹಿಂದಿನ ಬಟ್ಟೆಯ ಹೊಲಿಗೆ ಬಿಚ್ಚಿ, ಒಳಗಿರೋದೆಲ್ಲ ತೆಗೆದು ಕ್ಯಾನ್ವಾಸ್ ಒಂದನ್ನೇ ಬೇರೆ ಮಾಡಿ. ಒದ್ದೆ ಬಿಳಿ ಬಟ್ಟೆಯನ್ನ ಒಂದೊಂದು ಬಣ್ಣದ ಮೇಲೂ ಒತ್ತಿ ನೋಡಿ, ಬಣ್ಣ ಬಿಟ್ರೆ ಅಲ್ಲಿಗೇ ನಿಲ್ಸಿ, ಫಿನಿಶಿಂಗ್ ಮಾಡೋರ ಕೈಗೆ ಕೊಡಿ. ಬಿಡ್ಲಿಲ್ಲ ಅಂದ್ರೆ ಚೌಕಾಕಾರ ಗೆರೆ ಹಾಕಿದ ಹಾಳೆಯನ್ನ ಮೆತ್ತನೆ ಹಲಗೆ ಮೇಲೆ ಹಾಸಿ, ಅದ್ರ ಮೇಲೊಂದು ಪ್ಲಾಸ್ಟಿಕ್ ಶೀಟ್ ಹಾಕಿ, ಕ್ಯಾನ್ವಾಸ್‌ಗೆ ನೀರು ಚಿಮುಕಿಸಿ, ಸೊಟ್ಟ ಇರೋದ್ರ ಎದುರು ದಿಕ್ಕಿಗೆ ಮೂಲೆ ಹಿಡಿದು ಎಳೀರಿ. ಹೊಲಿಗೆ ಇಲ್ಲದ ಖಾಲಿ ಅಂಚಿಗೆ ತುಕ್ಕು ಹಿಡಿಯದ ಪಿನ್ ಹತ್ತಿರ ಹತ್ತಿರ ಚುಚ್ಚಿ, ನಾಲ್ಕೂ ಬದಿ ಗೆರೆಗೆ ಕೂರೋ ತನಕ. ಕ್ಯಾನ್ವಾಸ್‌ಗೆ ಹಾಕಿರೋ ಗಂಜಿ ನೀರಿಗೆ ಮೆತ್ತಗಾಗಿ, ಒಣಗುವಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತೆ, ಇಷ್ಟೇ ಅದರ ಗುಟ್ಟು. ಪೂರ್ತಿ ಒಣಗೋ ತನಕ ಮುಟ್ಟಬೇಡಿ, ಎರಡು ಮೂರು ದಿನಾನೂ ಆಗ್ಬಹುದು. ಇನ್ನೂ ಓರೆ ಉಳಿದಿದ್ರೆ ಇನ್ನೊಂದ್ಸಲ ಮಾಡಿ, ತುಂಬಾ ಸೊಟ್ಟ ಇದ್ದಿದ್ದು ಒಂದೇ ಸಲಕ್ಕೆ ಬಗ್ಗಲ್ಲ.

ಆಮೇಲೆ ಕುಶನ್ ಹೊಲಿದು ನೀವು ಕೂರೋ ಕುರ್ಚಿಗೇ ಹಾಕ್ಕೊಳ್ಳಿ. ವಾರಗಿತ್ತಿಗೆ ವಾಪಸ್ ಕೊಡೋ ಹಾಗಿಲ್ಲ, ಕೇಳಿದ್ರೂ ಕೊಡೋ ಹಾಗಿಲ್ಲ.