ಪುರಾವೆ ಕೇಳುವ ಅಣ್ಣನೊಡನೆ ಅಧ್ಯಾತ್ಮದ ಹಾದಿಯಲ್ಲಿರುವವರು ಹೇಗಿರಬೇಕು?

ನೀವು ಕೇಳಿರುವುದು ಇಷ್ಟು: ಹಲವು ವರ್ಷಗಳಿಂದ ಧ್ಯಾನ, ಪ್ರಾರ್ಥನೆಗಳಲ್ಲಿ ತೊಡಗಿದ್ದೀರಿ. ನಿಮ್ಮ ಅಣ್ಣನಿಗೆ ಇದಾವುದರಲ್ಲೂ ನಂಬಿಕೆಯಿಲ್ಲ. ಮಾತೆತ್ತಿದರೆ ಪುರಾವೆ ಕೇಳುತ್ತಾರೆ, ಕೆಲವೊಮ್ಮೆ ಎಲ್ಲರೆದುರು ಹಂಗಿಸುತ್ತಾರೆ. ಅವರನ್ನು ಬದಲಾಯಿಸಲು ಯತ್ನಿಸಬೇಕೇ, ದೂರ ಇಡಬೇಕೇ, ಸುಮ್ಮನಿದ್ದುಬಿಡಬೇಕೇ?

ಮೂರೂ ಬೇಡ ಎನ್ನುತ್ತೇನೆ. ನಾನೂ ನಿಮ್ಮ ಹಾದಿಯವಳೇ. ನನ್ನ ಅತ್ಯಂತ ಹತ್ತಿರದ ಗೆಳತಿ ಅಪ್ಪಟ ಭೌತವಾದಿ. ದೇಹ ಅಳಿದರೆ ಎಲ್ಲವೂ ಮುಗಿಯಿತು ಎನ್ನುವವಳು. ನಮ್ಮ ಮಧ್ಯೆ ವಾದ ನಡೆಯುತ್ತಲೇ ಇರುತ್ತದೆ, ಸ್ನೇಹಕ್ಕೆ ಅದರಿಂದ ಕುಂದು ಬಂದಿಲ್ಲ.

ಮೊದಲಿಗೆ ನಮ್ಮ ಕಡೆಯವರಲ್ಲಿರುವ ಒಂದು ಚಾಳಿಯ ಬಗ್ಗೆ ಹೇಳಲೇಬೇಕು. ಸಂದೇಹವಾದಿಯೊಬ್ಬರು ಎದುರಾದಾಗ ‘ಅವರಿಗೆ ಇನ್ನೂ ಕಾಲ ಕೂಡಿಬಂದಿಲ್ಲ’ ಎನ್ನುತ್ತೇವೆ. ‘ಬದುಕಿನಲ್ಲಿ ಏಟು ಬಿದ್ದ ದಿನ ದೇವರು ನೆನಪಾಗುತ್ತಾನೆ’ ಎನ್ನುತ್ತೇವೆ. ಮೇಲೆ ಕರುಣೆಯಂತೆ ಕಾಣುವ ಈ ಮಾತುಗಳ ಒಳಗೆ ಇರುವುದು ಅಹಂಕಾರ. ಅವರ ವಾದಕ್ಕೆ ಉತ್ತರ ಕೊಡದೆ ಅವರನ್ನೇ ಅಪಕ್ವರೆಂದು ತೀರ್ಮಾನಿಸಿಬಿಡುತ್ತೇವೆ. ‘ನೀವು ಸಾವಿನ ಭಯಕ್ಕೆ ನಂಬುತ್ತೀರಿ’ ಎಂದು ಅವರು ಅಂದರೆ ನಮಗೆ ಎಷ್ಟು ಉರಿಯುತ್ತದೆ! ನಾವು ಕೊಡುತ್ತಿರುವುದೂ ಅದೇ ಏಟು. ಭೌತವಾದಿಗಳೆಂದರೆ ಹಣ, ಭೋಗಗಳ ಬೆನ್ನು ಹತ್ತಿದವರು ಎಂಬ ಕಲ್ಪನೆಯನ್ನೂ ಬಿಡಬೇಕು. ನನ್ನ ಗೆಳತಿಯಷ್ಟು ಕಡಿಮೆಯಲ್ಲಿ ಬದುಕುವವರನ್ನು ನಾನು ಸಾಧಕರ ನಡುವೆಯೂ ಹೆಚ್ಚು ಕಂಡಿಲ್ಲ.

ನಮ್ಮ ದರ್ಶನಕಾರರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಹೋಗುವುದು ಅವರ ಕ್ರಮವಾಗಿತ್ತು. 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ ಎಂಬ ಗ್ರಂಥ ಆರಂಭವಾಗುವುದೇ ಭೌತವಾದವನ್ನು ಸಾರುವ ಚಾರ್ವಾಕ ದರ್ಶನದಿಂದ. ಚಾರ್ವಾಕನ ನಿಲುವನ್ನು ಬುಡಸಹಿತ ಕಿತ್ತುಹಾಕುವುದು ಕಷ್ಟ ಎಂಬ ಮಾತು ಅಲ್ಲಿ ಮೊದಲಿಗೇ ಬರುತ್ತದೆ. ಇನ್ನು ಸಾಂಖ್ಯ ಮತ್ತು ಪೂರ್ವಮೀಮಾಂಸೆಗಳು ಆಸ್ತಿಕ, ಅಂದರೆ ವೇದವನ್ನು ಪ್ರಮಾಣವೆಂದು ಒಪ್ಪುವ, ದರ್ಶನಗಳೆಂದೇ ಎಣಿಕೆಯಾದವು, ಆದರೂ ಅವುಗಳ ಪ್ರಾಚೀನ ರೂಪದಲ್ಲಿ ಸೃಷ್ಟಿಕರ್ತನಾದ ಈಶ್ವರನಿಗೆ ಜಾಗವಿಲ್ಲ.

ಈಗ ಪುರಾವೆಯ ವಿಷಯ. ಇಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಹೊರಜಗತ್ತಿನಲ್ಲಿ ಹೀಗಾಗುತ್ತದೆ ಎಂದು ನಾವು ಹೇಳಿದ ಕ್ಷಣವೇ ಆ ಮಾತು ಪರೀಕ್ಷೆಗೆ ಒಳಪಡುತ್ತದೆ. ಮಂತ್ರದಿಂದ ಕಾಯಿಲೆ ವಾಸಿಯಾಗುತ್ತದೆ, ಸಾಧಕನೊಬ್ಬ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಿದ್ದಾನೆ ಎಂಬಂಥವೆಲ್ಲ ಈ ಬಗೆಯವು. ‘ಇದು ತರ್ಕಕ್ಕೆ ನಿಲುಕದ್ದು’ ಎಂದು ಅಲ್ಲಿ ನುಣುಚಿಕೊಳ್ಳುವಂತಿಲ್ಲ. ರೋಗಿಗಳಿಗಾಗಿ ಬೇರೆಯವರು ಮಾಡುವ ಪ್ರಾರ್ಥನೆಯಿಂದ ಪ್ರಯೋಜನವಾಗುತ್ತದೆಯೇ ಎಂದು ನೋಡಲು ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಒಳಗೊಂಡ ಒಂದು ದೊಡ್ಡ ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಅದನ್ನು ಮುನ್ನಡೆಸಿದ ವೈದ್ಯ ಹರ್ಬರ್ಟ್ ಬೆನ್ಸನ್ ಧ್ಯಾನದ ಪರವಾಗಿದ್ದವರು. ಪ್ರಾರ್ಥನೆ ತಮಗೆ ಸಲ್ಲುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಂದವರ ಪೈಕಿ ಶೇ 52, ಸಲ್ಲದವರ ಪೈಕಿ ಶೇ 51 ಮಂದಿಗೆ ತೊಡಕುಗಳು ಕಾಣಿಸಿಕೊಂಡವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಈ ಪ್ರಮಾಣ ಶೇ 59. ಇದನ್ನು ಓದಿದ ಮೇಲೂ ಕಾಯಿಲೆಯಲ್ಲಿರುವವರಿಗಾಗಿ ನಾನು ಪ್ರಾರ್ಥಿಸುತ್ತೇನೆ. ನನ್ನೊಳಗಿನ ಪ್ರೀತಿಗೆ ಅದು ಬೇಕು. ಆದರೆ ಅದರಿಂದ ಗುಣವಾಗುತ್ತದೆ ಎಂದು ಯಾರಿಗೂ ಹೇಳುವುದಿಲ್ಲ, ಹೇಳುವವರನ್ನು ತಡೆಯುತ್ತೇನೆ. ಆ ಮಾತು ನಂಬಿ ಔಷಧ ಬಿಟ್ಟವರ ಪಾಡು ಏನಾಗುತ್ತದೆ ಎಂಬುದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಅಧ್ಯಾತ್ಮ ನನಗೆ ಬೇಕಿಲ್ಲ.

ಒಳಗಿನ ಅನುಭವದ ವಿಷಯ ಇಷ್ಟು ಸರಳವಲ್ಲ. ಧ್ಯಾನದಲ್ಲಿ ಒಮ್ಮೆ ಬೆಳಕಿನಂಥದ್ದೇನೋ ತುಂಬಿಕೊಂಡಿತು, ಗೆಳತಿಗೆ ಹೇಳಿದೆ. ಅವಳು ನಗಲಿಲ್ಲ. ಹಿಂದಿನ ರಾತ್ರಿ ನಿದ್ದೆ ಮಾಡಿದ್ದೆಯಾ, ಉಪವಾಸವಿದ್ದೆಯಾ ಎಂದು ವಿಚಾರಿಸಿದಳು. ಕೆಲವು ದಿನಗಳ ಬಳಿಕ ನನಗೆ ಧ್ಯಾನ ಕಲಿಸಿದ ಹಿರಿಯರಿಗೂ ಹೇಳಿದೆ. ಅವರು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳಿ, ‘ಬಂದದ್ದು ಹೋಗುತ್ತದೆ, ಅದಕ್ಕೆ ಅಂಟಿಕೊಳ್ಳಬೇಡ’ ಎಂದರು. ಝೆನ್ ಪರಂಪರೆಯಲ್ಲಂತೂ ಧ್ಯಾನದಲ್ಲಿ ಕಾಣುವ ಇಂಥ ದೃಶ್ಯಗಳಿಗೆ ‘ಮಕ್ಯೋ’ ಎಂಬ ಹೆಸರೇ ಇದೆ; ಅವುಗಳನ್ನು ಭ್ರಮೆಯೆಂದು ತಿಳಿದು ದಾಟಿ ಹೋಗಬೇಕು ಎಂದು ಕಲಿಸುತ್ತಾರೆ. ಅನುಭವವನ್ನು ಹೀಗೆ ಪ್ರಶ್ನಿಸಿ ನೋಡುವಂತೆ ಮಾಡುವುದೇ ನಿಜವಾದ ಸಾಧಕನಿಗೆ ಸಂದೇಹವಾದಿಯಿಂದ ಆಗುವ ಉಪಕಾರ.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ. ಅರಿವಳಿಕೆ ಕೊಟ್ಟರೆ ಅರಿವೇ ಹೋಗುತ್ತದೆ, ಮಿದುಳಿಗೆ ಪೆಟ್ಟು ಬಿದ್ದರೆ ಸ್ವಭಾವವೇ ಬದಲಾಗುತ್ತದೆ ಎಂದು ಗೆಳತಿ ಹೇಳುತ್ತಾಳೆ. ಗಟ್ಟಿಯಾದ ವಾದ, ಒಪ್ಪುತ್ತೇನೆ. ಆದರೆ ನರಕೋಶಗಳ ಚಟುವಟಿಕೆಯ ಜೊತೆಗೆ ನೋವು, ಬಣ್ಣ, ಆನಂದಗಳ ಅನುಭವ ಏಕೆ ಇರಬೇಕು ಎಂಬುದನ್ನು ಇನ್ನೂ ಎಲ್ಲರೂ ಒಪ್ಪುವಂತೆ ಯಾರೂ ವಿವರಿಸಿಲ್ಲ. ಇದನ್ನು ಆತ್ಮಕ್ಕೆ ಪುರಾವೆ ಎಂದು ನಾನು ಎತ್ತಿ ಹಿಡಿಯುವುದಿಲ್ಲ. ಪ್ರಶ್ನೆ ತೀರ್ಮಾನವಾಗಿಹೋಗಿದೆ ಎನ್ನುವ ಆತುರ ಅವಳಿಗೂ ಬೇಡ ಎನ್ನುತ್ತೇನೆ, ಅಷ್ಟೇ.

ಇಂಥ ಸಂಬಂಧಕ್ಕೆ ಒಂದು ಉದಾಹರಣೆ ಬೇಕೆಂದರೆ ನಾನು ಗಾಂಧಿ ಮತ್ತು ಗೋರಾ ಅವರನ್ನು ನೆನೆಯುತ್ತೇನೆ. ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ಆಂಧ್ರದ ನಾಸ್ತಿಕರು, ಅಸ್ಪೃಶ್ಯತೆಯ ವಿರುದ್ಧ ದುಡಿದವರು. 1944ರಲ್ಲಿ ಸೇವಾಗ್ರಾಮದ ಆಶ್ರಮದಲ್ಲಿ ಗಾಂಧೀಜಿಯನ್ನು ಕಂಡು, ನಾಸ್ತಿಕತೆಯೇ ಜಾತಿಭೇದವನ್ನು ಅಳಿಸಬಲ್ಲದು ಎಂದು ನೇರವಾಗಿ ವಾದಿಸಿದರು. ತನ್ನ ಆಸ್ತಿಕತೆ ಸರಿ, ಗೋರಾ ಅವರ ನಾಸ್ತಿಕತೆ ತಪ್ಪು ಎಂದು ಹೇಳಲಾರೆ ಎಂಬರ್ಥದ ಮಾತನ್ನು ಗಾಂಧೀಜಿ ಆಡಿದರು. ಮಾತಿಗೇ ನಿಲ್ಲಲಿಲ್ಲ. ಗೋರಾ ಅವರ ಮಗಳು ದಲಿತ ಯುವಕನನ್ನು ಮದುವೆಯಾಗಲು ನಿಶ್ಚಯಿಸಿದಾಗ ಅದನ್ನು ಆಶ್ರಮದಲ್ಲೇ ನಡೆಸಲು ಒಪ್ಪಿದರು. ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ವಿಧಿ ನಡೆಯಲೆಂದರು. ಮದುವೆ ನಡೆದ 1948ರ ಮಾರ್ಚ್ ವೇಳೆಗೆ ಗಾಂಧೀಜಿ ಇರಲಿಲ್ಲ. ದಿನವೂ ಪ್ರಾರ್ಥನಾ ಸಭೆ ನಡೆಸುತ್ತಿದ್ದ ಮನುಷ್ಯ ತನ್ನದೇ ಆಶ್ರಮದಲ್ಲಿ ಇಷ್ಟು ಜಾಗ ಮಾಡಿಕೊಟ್ಟದ್ದು ನನ್ನನ್ನು ಇಂದಿಗೂ ಅಲುಗಿಸುತ್ತದೆ. ಇಬ್ಬರಿಗೂ ಮಾಡಬೇಕಾದ ಕೆಲಸವೊಂದು ಎದುರಿಗಿತ್ತು. ನಿಮಗೂ ಅಣ್ಣನಿಗೂ ಅಂಥದ್ದೇನಾದರೂ ಇದೆಯೇ, ನೋಡಿ.

ಹಂಗಿಸುವುದು ಮಾತ್ರ ಬೇರೆಯೇ ಸಂಗತಿ. ತರ್ಕಕ್ಕೆ ಹೆಸರಾದ ನ್ಯಾಯದರ್ಶನ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯ ತಿಳಿಯಲು ನಡೆಸುವ ವಾದ, ಗೆಲ್ಲಲಿಕ್ಕಾಗಿ ನಡೆಸುವ ಜಲ್ಪ, ತನ್ನದೊಂದು ನಿಲುವೂ ಇಲ್ಲದೆ ಎದುರಿನವರದನ್ನು ಕೆಡವುವ ವಿತಂಡ. ಎಲ್ಲರೆದುರು ಹಂಗಿಸಿದಾಗ ಅಲ್ಲೇ ಉತ್ತರಿಸಲು ಹೋದರೆ ನೀವೂ ಜಲ್ಪಕ್ಕೆ ಇಳಿಯುತ್ತೀರಿ. ಇಬ್ಬರೇ ಇರುವಾಗ ಹೇಳಿ: ‘ಅಣ್ಣಾ, ನಿನ್ನ ಪ್ರಶ್ನೆಗಳು ನನಗೆ ಬೇಕು, ಆದರೆ ನಾಲ್ಕು ಜನರ ಮುಂದೆ ಹಂಗಿಸಿದರೆ ನೋವಾಗುತ್ತದೆ.’

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಯಲ್ಲಿ ಕಾಣಲಿಲ್ಲ: ಅಣ್ಣ ಈ ನಿಲುವಿಗೆ ಹೇಗೆ ಬಂದರು? ಕೆಲವರು ಓದಿ, ಯೋಚಿಸಿ ಬಂದಿರುತ್ತಾರೆ. ಕೆಲವರು ದೇವರ ಹೆಸರಿನಲ್ಲಿ ಯಾರೋ ಮಾಡಿದ ಮೋಸವನ್ನು ಹತ್ತಿರದಿಂದ ಕಂಡಿರುತ್ತಾರೆ. ಕೇಳಿರದಿದ್ದರೆ ಒಮ್ಮೆ ಕೇಳಿ, ಅವರು ಹೇಳಿ ಮುಗಿಸುವವರೆಗೂ ನಡುವೆ ತಿದ್ದಲು ಹೋಗಬೇಡಿ.